ಹೆಸರಿಲ್ಲದ ಕಲ್ಲು, ಹೆಸರುಳ್ಳ ನೀರು

ಶಹಾಪುರದಿಂದ ದಕ್ಷಿಣಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ ವಿಭೂತಿಹಳ್ಳಿ. ಅಲ್ಲಿನ ಬಯಲಲ್ಲಿ ದಪ್ಪ ದಪ್ಪ ಗುಂಡುಗಲ್ಲುಗಳು ಕೂತಿವೆ. ಮೊದಲ ನೋಟಕ್ಕೆ ವಿಶೇಷವೇನೂ ಕಾಣುವುದಿಲ್ಲ. ಶಹಾಪುರ, ಸುರಪುರಗಳ ಈ ಸಗರನಾಡಿನಲ್ಲಿ ಬಂಡೆಗಳಿಗೇನು ಬರ? ಶಹಾಪುರದ ಬೆಟ್ಟಸಾಲೇ ಗುಂಡಿನ ಮೇಲೆ ಗುಂಡು ಪೇರಿಸಿದ ಹಾಗಿದೆ. ಆದರೆ ಒಂದು ಕಲ್ಲಿನ ಪಕ್ಕ ನಿಂತು ಮುಂದಿನದನ್ನು, ಅದರಾಚೆಯದನ್ನು ಕಣ್ಣಳತೆಯಲ್ಲೇ ಕೂಡಿಸುತ್ತ ಹೋದರೆ ನೇರ ಗೆರೆಯೊಂದು ಮೂಡುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗೆರೆ ಕೆಡುತ್ತದೆ. ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ಓರೆಯಾಗಿ ಮತ್ತೊಂದು ಸಾಲು ತೆರೆದುಕೊಳ್ಳುತ್ತದೆ. ಬೆಟ್ಟದಿಂದ ಉರುಳಿ ಬಂದ ಕಲ್ಲು ಹೀಗೆ ಸಾಲು ಹಿಡಿಯುವುದಿಲ್ಲ. ಯಾರೋ ಇವನ್ನು ಹೊತ್ತು, ಎಳೆದು ತಂದು, ಅಂತರ ನೋಡಿ, ದಿಕ್ಕು ನೋಡಿ ಇಟ್ಟಿದ್ದಾರೆ.

ಈ ಕಲ್ಲುಗಳ ಮೇಲೆ ಅಕ್ಷರವಿಲ್ಲ, ಮೂರ್ತಿಯಿಲ್ಲ, ಉಳಿಯ ಗುರುತೂ ಇಲ್ಲ. ಕಬ್ಬಿಣ ಬಳಸಲು ಕಲಿತಿದ್ದ ಬೃಹತ್ ಶಿಲಾ ಸಂಸ್ಕೃತಿಯ ಜನ ಇವನ್ನು ಇಟ್ಟಿರಬೇಕು ಎಂಬುದು ಪುರಾತತ್ತ್ವಜ್ಞರ ಎಣಿಕೆ. ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ 1990ರ ದಶಕದಲ್ಲಿ ಇಲ್ಲಿ ಅಳತೆ ಮಾಡಿ, ಸಾಲುಗಳ ದಿಕ್ಕಿಗೂ ಉತ್ತರಾಯಣ–ದಕ್ಷಿಣಾಯನ ಶುರುವಾಗುವ ದಿನಗಳ ಸೂರ್ಯೋದಯ, ಸೂರ್ಯಾಸ್ತಕ್ಕೂ ಹೊಂದಿಕೆಯಿದೆ ಎಂದು ಬರೆದರು. ಆ ಬಳಿಕ ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮತ್ತಿತರರು ಇಂಥ ನೆಲೆಗಳ ಸಮೀಕ್ಷೆ ಮಾಡಿದರು. ಅರ್ಥದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ನನಗೆ ಮಾತ್ರ ಅದು ಪಂಚಾಂಗವೇ ಆಗಿರಲಿ, ಸತ್ತ ಹಿರಿಯರ ನೆನಪೇ ಆಗಿರಲಿ, ಎರಡೂ ಒಂದೇ ಅನಿಸುತ್ತದೆ. ಮಳೆ ನಂಬಿ ಬದುಕುವ ನೆಲದಲ್ಲಿ ಸೂರ್ಯ ಯಾವ ಕಡೆ ಹೊರಳಿದನೆಂದು ನೋಡುವುದೂ ಪೂಜೆಯೇ, ಹಿರಿಯರಿಗೆ ಕಲ್ಲು ನಿಲ್ಲಿಸುವುದೂ ಪೂಜೆಯೇ.

ಇವನ್ನು ಹೊರಜಗತ್ತಿಗೆ ತಿಳಿಸಿದವರು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಸುರಪುರದವರಿಗೆ ಟೇಲರ್ ಸಾಹೇಬರನ್ನು ಪರಿಚಯಿಸುವ ಅಗತ್ಯವಿಲ್ಲ. ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಊರಿನ ಗುರುತು. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹಿಂದೂಸ್ತಾನಕ್ಕೆ ಬಂದು, ನಿಜಾಮರ ಸೈನ್ಯ ಸೇರಿ, 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದವರು ಅವರು. ಬಾಲಕ ರಾಜ ವೆಂಕಟಪ್ಪ ನಾಯಕ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಮುಂದೆ ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಎಳೆಯ ವಯಸ್ಸಿನಲ್ಲೇ ಪ್ರಾಣ ಬಿಟ್ಟದ್ದು ಈ ನಾಡು ಮರೆಯದ ಕಥೆ. ಟೇಲರ್ ಕಂದಾಯ, ಕೆರೆ, ರಸ್ತೆ ಎಂದು ಊರೂರು ಸುತ್ತುವಾಗ ಕಲ್ಲುಗಳನ್ನೂ ನೋಡುತ್ತ ಹೋದರು. ರಾಜನಕೋಳೂರು, ಹಗರಟಗಿ, ವಿಭೂತಿಹಳ್ಳಿ, ಜೇವರ್ಗಿ ಎಲ್ಲೆಡೆ ಅಳತೆ ತೆಗೆದರು, ಚಿತ್ರ ಬರೆದರು, ಕೆಲವನ್ನು ಅಗೆಸಿದರು. ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ನಿವೃತ್ತಿಯ ನಂತರ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿ ಪ್ರಬಂಧ ಪ್ರಕಟಿಸಿದರು.

ಬ್ರಿಟನ್ ಮತ್ತು ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲಿ ಕಾಣಸಿಗುವ ಕಲ್ಲುಮನೆ, ಕಲ್ಲುಸಾಲುಗಳು ಸುರಪುರದ ಸುತ್ತಲೂ ಇರುವುದನ್ನು ಕಂಡು ಟೇಲರ್ ಬೆರಗಾದರು. ಎರಡನ್ನೂ ಕಟ್ಟಿದವರು ಒಂದೇ ಮೂಲದ ಜನ ಇರಬಹುದೆಂದು ಊಹಿಸಿದರು. ಆ ಊಹೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಎಲ್ಲಿ ಬಂಡೆ ಇದೆಯೋ, ಸತ್ತವರ ಮೇಲೆ ಮಮತೆ ಇದೆಯೋ ಅಲ್ಲಿನ ಮನುಷ್ಯ ತನ್ನಷ್ಟಕ್ಕೆ ಇಂಥದ್ದನ್ನು ಕಟ್ಟಬಲ್ಲ. ಆದರೆ ಅವರ ಅಳತೆಗಳು, ಚಿತ್ರಗಳು ಇಂದಿಗೂ ಕೆಲಸಕ್ಕೆ ಬರುತ್ತವೆ. 1941ರಲ್ಲಿ ನಿಜಾಮ್ ಸರ್ಕಾರದ ಪುರಾತತ್ತ್ವ ಇಲಾಖೆ ಆ ಬರಹಗಳನ್ನು ಒಂದೇ ಪುಸ್ತಕವಾಗಿ ಹೊರತಂದಿತು. ಟೇಲರ್ ಎಂದರೆ ಠಗ್ಗರ ಕಾದಂಬರಿ ಬರೆದವರು ಎಂದಷ್ಟೇ ತಿಳಿದ ಓದುಗರು ಈ ಪುಸ್ತಕವನ್ನೂ ಹುಡುಕಿ ಓದಬೇಕು.

ರಾಜನಕೋಳೂರು ಈಗ ಹುಣಸಗಿ ತಾಲ್ಲೂಕಿಗೆ ಸೇರಿದೆ. ಇಲ್ಲಿರುವುದು ಸಾಲುಗಲ್ಲಲ್ಲ, ಕಲ್ಲುಮನೆಗಳು. ಮೂರು ಇಲ್ಲವೇ ನಾಲ್ಕು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಇನ್ನೊಂದು ಭಾರಿ ಚಪ್ಪಡಿ ಹೊದಿಸಿದ ಕೋಣೆ. ಕೆಲವಕ್ಕೆ ಒಂದು ಬದಿ ಪೂರ್ತಿ ತೆರೆದಿದೆ. ಕೆಲವು ನಾಲ್ಕೂ ಕಡೆ ಮುಚ್ಚಿದ್ದು, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಮಾತ್ರ ಇದೆ. ಆ ಕಿಂಡಿಯನ್ನು ಹತ್ತಿರದಿಂದ ನೋಡಬೇಕು. ಜೋಳದ ರೊಟ್ಟಿಯಷ್ಟು ಅಗಲ. ಎರಡೂ ಬದಿಯಿಂದ ಕುಟ್ಟಿ ಕುಟ್ಟಿ ತೆರೆದದ್ದರಿಂದ ಅಂಚು ಒಳಮುಖವಾಗಿ ಇಳಿಜಾರಾಗಿದೆ. ಬೆರಳಾಡಿಸಿದರೆ ಕುಟ್ಟಿದ ಸಣ್ಣ ಸಣ್ಣ ತಗ್ಗುಗಳು ತಾಗುತ್ತವೆ, ಅವುಗಳ ಮೇಲೆ ಗಾಳಿ ಮಳೆಯ ನುಣುಪು. ಮೈತುಂಬ ಮೂರ್ತಿ ಕೆತ್ತಿದ ಚಾಲುಕ್ಯರ ಕಂಬದ ಎದುರು ಇದು ಏನೂ ಅಲ್ಲ ಎನಿಸಬಹುದು. ಆದರೆ ಒಡೆದುಹೋಗುವ ಭಯವಿದ್ದ ಚಪ್ಪಡಿಯಲ್ಲಿ ಇಷ್ಟು ದುಂಡಗೆ ತೂತು ತೆಗೆದ ಕೈಯ ತಾಳ್ಮೆ ನನಗೆ ಯಾವ ಶಿಲ್ಪಿಗೂ ಕಡಿಮೆಯದಾಗಿ ಕಾಣಲಿಲ್ಲ.

ತೆರೆದ ಮನೆಗಳೊಳಗೆ ಟೇಲರ್‌ಗೆ ಏನೂ ಸಿಗಲಿಲ್ಲ. ಮುಚ್ಚಿದವುಗಳಲ್ಲಿ ಬೂದಿ, ಸುಟ್ಟ ಎಲುಬಿನ ಚೂರು, ಮಡಕೆ ಚೂರು ಸಿಕ್ಕವು. ಕಿಂಡಿ ಯಾಕೆ? ಸತ್ತವರ ಜೀವ ಹೋಗಿಬರಲಿಕ್ಕೆ, ಎಡೆ ಇಡಲಿಕ್ಕೆ, ಕುಟುಂಬದ ಮುಂದಿನವರ ಬೂದಿಯನ್ನೂ ಅದೇ ಮನೆಗೆ ಸೇರಿಸಲಿಕ್ಕೆ, ಹೀಗೆ ನಾನಾ ವಿವರಣೆಗಳಿವೆ. ಊರ ಜನರ ವಿವರಣೆ ಇದಕ್ಕಿಂತ ಸರಳ: ಇವು ಮೋರ್ಯರ ಮನೆಗಳು, ಗೇಣುದ್ದದ ಗಿಡ್ಡ ಜನ ಇಲ್ಲಿ ಸಂಸಾರ ಮಾಡಿಕೊಂಡಿದ್ದರು. ಟೇಲರ್ ಕೂಡ ಈ ಮಾತನ್ನು ಕೇಳಿ ಬರೆದಿಟ್ಟಿದ್ದಾರೆ. ಕೃಷ್ಣೆಯ ಆಚೆ ಹಿರೇಬೆಣಕಲ್‌ನಲ್ಲಿಯೂ ಇಂಥ ನೂರಾರು ಕಲ್ಲುಮನೆಗಳಿಗೆ ಮೋರೇರ ಮನೆಗಳೆಂದೇ ಹೆಸರು. ಸುಮಾರು ನೂರು ಕಿಲೋಮೀಟರ್ ದೂರದ ಎರಡು ಸೀಮೆಗಳಲ್ಲಿ ಒಂದೇ ಕಥೆ ಉಳಿದಿರುವುದು ಸಣ್ಣ ಸಂಗತಿಯಲ್ಲ. ಹಿರೇಬೆಣಕಲ್‌ಗೆ ಯುನೆಸ್ಕೊ ತಾತ್ಕಾಲಿಕ ಪಟ್ಟಿಯ ಗೌರವ ಬಂದಿದೆ. ರಾಜನಕೋಳೂರಿಗೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆ ಇದೆಯಾದರೂ ಅದರ ಹೆಸರು ಕೇಳಿದವರು ಕಲಬುರಗಿಯಲ್ಲೇ ಕಡಿಮೆ.

ಇನ್ನು ಹನಮಸಾಗರ. ಕೃಷ್ಣೆಯ ಎಡದಂಡೆಯ ಸೀಮೆಯಲ್ಲಿ, ಗುಡ್ಡಗಳ ನಡುವಿನ ಸಪಾಟು ನೆಲದಲ್ಲಿ ಕಲ್ಲಿನ ದೊಡ್ಡ ಚೌಕಳಿಯೇ ಇತ್ತು. 1956ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್ ಈ ಭಾಗದ ಸಾಲುಗಲ್ಲುಗಳ ಬಗ್ಗೆ ಪ್ರಬಂಧ ಬರೆದರು. ಹನಮಸಾಗರದಲ್ಲಿ ಮೂಲದಲ್ಲಿ ಸುಮಾರು 2,500 ಕಲ್ಲುಗಳಿದ್ದವೆಂದು ಲೆಕ್ಕ, ಸಾಲಿಗೆ 50ರಂತೆ 50 ಸಾಲು. ಭಾರತದಲ್ಲಿ ಇಷ್ಟು ದೊಡ್ಡ ಸಾಲುಗಲ್ಲಿನ ನೆಲೆ ಅಪರೂಪ. ಆದರೆ ಇವುಗಳಲ್ಲಿ ಬಹಳಷ್ಟು ಕಿತ್ತುಹೋಗಿವೆ, ಒಡೆದುಹೋಗಿವೆ, ಬದುವಿಗೆ ಬಿದ್ದಿವೆ.

ಈ ಸೀಮೆ ಸುತ್ತುವಾಗ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಬೇವಿನ ಮರದ ಕೆಳಗಿನ ಬರಿಯ ಗುಂಡುಗಲ್ಲಿಗೂ ಮರಗಮ್ಮ, ದ್ಯಾವಮ್ಮ ಎಂದು ಹೆಸರು ಬಿದ್ದಿದ್ದರೆ, ಸುಣ್ಣ ಬಳಿದು ಕುಂಕುಮ ಹಚ್ಚಿದ್ದರೆ, ಅದರ ತಂಟೆಗೆ ಯಾರೂ ಹೋಗುವುದಿಲ್ಲ. ರಸ್ತೆ ಅಗಲ ಮಾಡುವ ಗುತ್ತಿಗೆದಾರನೂ ಅದನ್ನು ಬಳಸಿಕೊಂಡು ಹೋಗುತ್ತಾನೆ, ಇಲ್ಲವೇ ಪೂಜೆ ಮಾಡಿಸಿ, ಕಾಯಿ ಒಡೆಸಿ, ಅಪ್ಪಣೆ ಕೇಳಿ ಸರಿಸುತ್ತಾನೆ. ಅದೇ ಹೊಲದ ಇನ್ನೊಂದು ಮೂಲೆಯಲ್ಲಿ ಮೂರು ಸಾವಿರ ವರ್ಷದ ಸಮಾಧಿಯ ಕಲ್ಲುವೃತ್ತವಿದ್ದರೆ ಅದಕ್ಕೆ ಹೆಸರಿಲ್ಲ, ವಾರ ಹಿಡಿಯುವವರಿಲ್ಲ, ಜಾತ್ರೆ ಇಲ್ಲ. ಜೆಸಿಬಿಗೆ ಅದು ಅಡ್ಡ ಬಂದ ಕಲ್ಲು ಅಷ್ಟೆ. ದೇವರಿಲ್ಲದ ಕಲ್ಲನ್ನು ಕಾಯುವವರು ಯಾರು ಎಂಬುದೇ ಈ ನಾಡಿನ ಪ್ರಾಚೀನ ನೆಲೆಗಳ ಮುಂದಿರುವ ಪ್ರಶ್ನೆ.

ಹಾಳಾಗುತ್ತಿರುವುದಕ್ಕೆ ಕಾರಣ ಕೆಟ್ಟ ಉದ್ದೇಶವೇ ಆಗಬೇಕಿಲ್ಲ. ಬಸವಸಾಗರ ಅಣೆಕಟ್ಟು ಕಟ್ಟಿ, ನಾರಾಯಣಪುರ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಹುಣಸಗಿ, ಶಹಾಪುರದ ಬದುಕೇ ಬದಲಾಯಿತು. ಜೋಳ, ಸಜ್ಜೆ ಬೆಳೆದು ಬಾಯಿ ಬಿಟ್ಟುಕೊಂಡು ಮುಗಿಲು ನೋಡುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಯಾದವು. ನೀರು ಬಂದದ್ದು ದೊಡ್ಡ ಪುಣ್ಯ, ಅದನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಭತ್ತಕ್ಕೆ ನೆಲ ಸಪಾಟಾಗಬೇಕು. ಸಪಾಟು ಮಾಡುವಾಗ ದಿಬ್ಬ, ಗೋರಿ, ಬೂದಿಗುಡ್ಡ ಎಲ್ಲವೂ ಒಂದೇ ಮಟ್ಟಕ್ಕೆ ಬರುತ್ತವೆ. ಇದರ ಜೊತೆಗೆ ನಿಧಿಗಳ್ಳರ ಕಾಟ. ಸಮಾಧಿಯಲ್ಲಿ ಮಡಕೆ ಚೂರಲ್ಲದೆ ಹೊನ್ನು ಇರುವುದಿಲ್ಲ ಎಂದು ನೂರೆಪ್ಪತ್ತು ವರ್ಷದ ಹಿಂದೆಯೇ ಟೇಲರ್ ಅಗೆದು ತೋರಿಸಿದ್ದಾರೆ, ಆದರೂ ಅಮಾವಾಸ್ಯೆ ರಾತ್ರಿಯ ಅಗೆತ ನಿಂತಿಲ್ಲ.

ಬೂದಿಗುಡ್ಡ ಎಂದೆನಲ್ಲ, ಅದೇ ಒಂದು ಅದ್ಭುತ. ಬೂದಿಹಾಳ, ಕೊಡೇಕಲ್ ಮುಂತಾದ ಕಡೆ ನೆಲದಿಂದ ಎದ್ದಿರುವ ಬೂದುಬಣ್ಣದ ದಿಬ್ಬಗಳಿವೆ. ಒಡೆದರೆ ಒಳಗೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಕಿಟ್ಟ. ಜನ ಇದನ್ನು ರಾಕ್ಷಸರನ್ನು ಸುಟ್ಟ ಜಾಗ ಎಂದರು, ಋಷಿಗಳ ಯಜ್ಞದ ಬೂದಿ ಎಂದರು. ನಿಜವಾಗಿ ಅದು ಸೆಗಣಿಯ ಬೂದಿ. ನಾಲ್ಕೈದು ಸಾವಿರ ವರ್ಷದ ಹಿಂದೆ ದನ ಕಾಯುತ್ತಿದ್ದ ಜನ ದೊಡ್ಡಿ ಕಟ್ಟಿ, ಒಟ್ಟಿದ ಸೆಗಣಿಗೆ ಕಾಲಕಾಲಕ್ಕೆ ಬೆಂಕಿ ಹಚ್ಚುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಉತ್ಖನನ ನಡೆಸಿ ದನದ ದೊಡ್ಡಿ, ಪಕ್ಕದ ವಸತಿ, ದನ ಕೊಯ್ದು ಮಾಂಸ ಬಿಡಿಸುತ್ತಿದ್ದ ಕಣ, ಮಕ್ಕಳನ್ನು ಹೂಳಿದ ಗುಂಡಿಗಳನ್ನು ಬೆಳಕಿಗೆ ತಂದರು. ಬೆಂಕಿ ಹಚ್ಚುವುದು ಬರೀ ಕಸ ತೆಗೆಯುವ ಕೆಲಸವಲ್ಲ, ದನಕರುಗಳ ಒಳಿತಿಗಾಗಿ ಮಾಡುತ್ತಿದ್ದ ಆಚರಣೆ ಎಂದು ಆಲ್ಚಿನ್ ವಾದಿಸಿದ್ದರು. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುವ, ಹೋಳಿಗೆ ಕುಳ್ಳು ಸುಡುವ ಕನ್ನಡಿಗರಿಗೆ ಇದನ್ನು ಒಪ್ಪುವುದು ಕಷ್ಟವಾಗಬಾರದು. ಅದೇ ಕೊಡೇಕಲ್ ಕಾಲಜ್ಞಾನ ವಚನಗಳ ಕೊಡೇಕಲ್ ಬಸವಣ್ಣನ ಊರೂ ಹೌದು. ಭಕ್ತರು ಬಸವಣ್ಣನ ಗದ್ದುಗೆಗೆ ನಡೆದುಕೊಂಡು, ಬೂದಿಗುಡ್ಡದ ಸುದ್ದಿಯೇ ತಿಳಿಯದೆ ಬಸ್ಸು ಹತ್ತಿ ಹೋಗುತ್ತಾರೆ.

ಪದ್ದಯ್ಯನವರ ಹೆಸರು ಬಂದ ಮೇಲೆ ನೀರಿನ ಮಾತಿಗೆ ಬರಲೇಬೇಕು. 1960ರ ದಶಕದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಸುರಪುರದ ಕಡೆ ಬಂದ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಹುಣಸಗಿ–ಬೈಚಬಾಳ ಕಣಿವೆಗೇ ಕೊಟ್ಟರು. ಕಲ್ಲಿನ ಕೈಗೊಡಲಿ ಹಿಡಿದ ಆದಿಮಾನವರ ನೆಲೆಗಳು ಅಲ್ಲಿ ಸಾಲುಸಾಲಾಗಿ ಸಿಕ್ಕವು. ಅವುಗಳಲ್ಲಿ ಈಸಾಂಪುರ ಎಲ್ಲಕ್ಕಿಂತ ಪ್ರಸಿದ್ಧ. ಸುಣ್ಣಗಲ್ಲಿನ ಚಪ್ಪಡಿ ಎಬ್ಬಿಸಿ ಅಲ್ಲೇ ಆಯುಧ ಮಾಡುತ್ತಿದ್ದ ಕಮ್ಮಟ ಅದು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ ವರ್ಷ ಹಳೆಯದೆಂಬ ಲೆಕ್ಕ ಬಂತು. ಕಾಲುವೆ ಕೆಲಸಕ್ಕೆ ಮೇಲಿನ ಕರಿಮಣ್ಣು ತೆಗೆದಾಗ ಆ ನೆಲೆ ಹೊರಬಿತ್ತು ಎಂಬುದನ್ನೂ ಹೇಳಬೇಕು. ಕಾಲುವೆ ಅಳಿಸಿದ್ದೂ ಇದೆ, ತೋರಿಸಿಕೊಟ್ಟದ್ದೂ ಇದೆ.

ಇಷ್ಟೊಂದು ನೆಲೆ ಇಲ್ಲೇ ಯಾಕೆ? ಪದ್ದಯ್ಯನವರ ಉತ್ತರ, ಒರತೆ. ಕಣಿವೆಯ ಅಂಚಿನಲ್ಲಿ ಸುಣ್ಣಗಲ್ಲಿನ ಪದರ ಕೆಳಗಿನ ಗ್ರಾನೈಟ್ ಮೇಲೆ ಕೂತ ಕಡೆಯಲ್ಲಿ ನೀರು ಜಿನುಗುತ್ತದೆ. ಮಳೆಗಾಲದಲ್ಲಿ ಕಣಿವೆಯೆಲ್ಲ ಚದುರಿಹೋಗುತ್ತಿದ್ದ ಗುಂಪುಗಳು ಬೇಸಿಗೆಯಲ್ಲಿ ಬತ್ತದ ಹಳ್ಳದ ದಂಡೆಗೆ ಬಂದು ಸೇರುತ್ತಿದ್ದವು ಎಂಬುದು ಅವರ ನಿರೂಪಣೆ. ಈ ಮಾತು ಓದಿದಾಗಿನಿಂದ ಈ ಭಾಗದ ತೀರ್ಥಗಳನ್ನು ನಾನು ನೋಡುವ ರೀತಿಯೇ ಬೇರೆಯಾಯಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಬತ್ತದ ನೀರು ಕಂಡಲ್ಲಿ ಮನುಷ್ಯ ಕೈಮುಗಿಯಲು ದೇವಸ್ಥಾನ ಕಟ್ಟುವವರೆಗೆ ಕಾದಿರಲಾರ.

ಸುರಪುರ ಸೀಮೆಯ ಮುದನೂರಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಆದ್ಯ ವಚನಕಾರ ದೇವರ ದಾಸಿಮಯ್ಯನವರ ಊರು ಅದು. ಅವರ ಅಂಕಿತವಾದ ರಾಮನಾಥ ಇಲ್ಲಿಯ ದೇವರು. ಊರ ತುಂಬ ಹಳೆಯ ಬಾವಿಗಳು, ಕಲ್ಲುಕಟ್ಟಡದ ಹೊಂಡಗಳು. ಅವುಗಳಿಗೆ ತೀರ್ಥವೆಂಬ ಗೌರವ. ಒಂದನ್ನು ಪಾಂಡವರ ಬಾವಿ ಎನ್ನುತ್ತಾರೆ. ಇಂಥ ಬಾವಿಗಳ ರೂಢಿಯೇ ಬೇರೆ: ಹಗ್ಗ ಇಳಿಬಿಡುವ ಬಾವಿಯಲ್ಲ, ಮನುಷ್ಯ ತಾನೇ ಇಳಿದು ಹೋಗಿ ನೀರು ಮುಟ್ಟುವ ಬಾವಿ. ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಬಿಸಿಲು ಹಿಂದೆ ಉಳಿದು ತಂಪು ಮೈಗೆ ಹತ್ತುತ್ತದೆ. ನೇಯ್ಗೆ ಮಾಡಿ ಬದುಕಿದ ದಾಸಿಮಯ್ಯನವರಿಗೆ ನೂಲು ತೊಯಿಸಲು, ಗಂಜಿ ಕಾಯಿಸಲು ನೀರೇ ಆಧಾರ. ಮುದನೂರಿನ ನೀರನ್ನು ಭಕ್ತಿಯ ಲೆಕ್ಕಕ್ಕೆ ಮಾತ್ರ ಹಚ್ಚಿದರೆ ಆ ಕಾಯಕವನ್ನು ಬಿಟ್ಟಂತಾಗುತ್ತದೆ.

ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿಯೂ ಗುಡಿ ಮತ್ತು ನೀರು ಜೊತೆಯಾಗಿವೆ. ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳು ಮನೆಗಳ ನಡುವೆ, ಹೊಲಗಳ ನಡುವೆ ಚದುರಿವೆ. ಕೆಲವು ಪೂಜೆಗೊಳ್ಳುತ್ತಿವೆ, ಕೆಲವುಗಳಿಗೆ ಮುಳ್ಳುಕಂಟಿಯೇ ಬಾಗಿಲು. ಯಾದಗಿರಿ ಕೋಟೆ ಏರಿದರೂ ಅಷ್ಟೆ. ಬಂಡೆಗೆ ಕೆತ್ತಿದ ಜಿನಮೂರ್ತಿಗಳು, ಗುಡಿ, ಮಸೀದಿ, ಇವೆಲ್ಲಕ್ಕೂ ಜೀವ ಕೊಟ್ಟ ಮಳೆನೀರಿನ ಹೊಂಡಗಳು.

ಬಳಕೆಯಲ್ಲಿರುವ ತೀರ್ಥ ನೋಡಬೇಕೆಂದರೆ ಸಂಕ್ರಾಂತಿಗೆ ಬರಬೇಕು. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಗುಡ್ಡದ ಗವಿಯಲ್ಲಿರುವ ಮೈಲಾರಲಿಂಗ ಪಲ್ಲಕ್ಕಿ ಏರಿ ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಇಳಿಯುತ್ತಾನೆ. ಏಳುಕೋಟಿಯ ಘೋಷ, ಗಾಳಿಯೆಲ್ಲ ಭಂಡಾರದ ಹಳದಿ. ಹಿಂದೆ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ ದಾರಿಯಲ್ಲೇ ಮರಿಗಳನ್ನು ಪಡೆದುಕೊಳ್ಳುತ್ತದೆ. ಹರಕೆಯ ರೂಪ ಬದಲಾದರೂ ಜಾತ್ರೆ ಸೊರಗಿಲ್ಲ. ಅದೇ ಹಬ್ಬಕ್ಕೆ ಶಹಾಪುರದ ಕಡೆ ಭೀಮರಾಯನಗುಡಿಯ ಬಲಭೀಮೇಶ್ವರ, ದಿಗ್ಗಿಯ ಸಂಗಮೇಶ್ವರ ಇಬ್ಬರೂ ಜೋಡು ಪಲ್ಲಕ್ಕಿಯಲ್ಲಿ ಹುರಸಗುಂಡಗಿಯ ಭೀಮಾ ನದಿಗೆ ಸ್ನಾನಕ್ಕೆ ಹೋಗಿಬರುತ್ತಾರೆ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ನಾರಾಯಣಪುರದ ಹತ್ತಿರ ಛಾಯಾ ಭಗವತಿಯ ಗುಡಿ ನದಿಗೇ ಮುಖ ಕೊಟ್ಟು ಕೂತಿದೆ, ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಗುಡಿ ಜಲಾವೃತವಾಗುತ್ತದೆ.

ನೀರಿಗೆ ದೇವರ ಹೆಸರು ಸಿಕ್ಕಿದ್ದರಿಂದ ಅದು ಉಳಿಯಿತು ಎಂದು ಪೂರ್ತಿ ಹೇಳುವಂತಿಲ್ಲ. ನಳದ ನೀರು ಮನೆಬಾಗಿಲಿಗೆ ಬಂದ ಮೇಲೆ ಎಷ್ಟೋ ತೀರ್ಥಬಾವಿಗಳು ಪ್ಲಾಸ್ಟಿಕ್ ಚೀಲ, ಹಳೆಯ ದೇವರ ಫೋಟೊ, ಗಣಪತಿಯ ಮಣ್ಣು ತುಂಬಿ ಹಸಿರುಗಟ್ಟಿವೆ. ವರ್ಷಕ್ಕೊಮ್ಮೆ ಗಂಗಾಪೂಜೆ ನಡೆದರೆ ಸಾಲದು, ಹೂಳು ತೆಗೆಯಬೇಕು. ಸಾಲುಗಲ್ಲುಗಳಿಗೆ ದೇವರನ್ನು ಹುಡುಕಿ ಗುಡಿ ಕಟ್ಟಿದರೆ ಉಳಿಯುತ್ತವೆ ಎನ್ನುವುದೂ ಸರಿಯಲ್ಲ. ಸಿಮೆಂಟು ಕಟ್ಟೆ ಎದ್ದ ದಿನವೇ ಸಾಲು ಮುರಿದುಹೋಗುತ್ತದೆ. ಒಂದು ಕಲ್ಲು ಉಳಿದು ನೂರು ಕಲ್ಲಿನ ಅರ್ಥ ಅಳಿಯುತ್ತದೆ.

ಮಾಡಬಹುದಾದದ್ದು ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧಿಸುತ್ತದೆ, ಅದರಾಚೆಯ 200 ಮೀಟರ್ ನಿಯಂತ್ರಿಸುತ್ತದೆ. ಈ ರಕ್ಷಣೆ ಪಟ್ಟಿಯಲ್ಲಿ ಹೆಸರಿರುವ ನೆಲೆಗಳಿಗೆ ಮಾತ್ರ. ಉಳಿದವನ್ನು ಗುರುತಿಸಲು ಊರಿನವರೇ ಬೇಕು. 2009ರ ಡಿಸೆಂಬರ್‌ನಲ್ಲಿ ಹುಟ್ಟಿದ ಯಾದಗಿರಿ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿ ತನ್ನ ಸೀಮೆಯ ಕಲ್ಲುವೃತ್ತ, ಬೂದಿಗುಡ್ಡ, ಶಾಸನ, ಹಳೆಯ ಬಾವಿಗಳನ್ನು ಸರ್ವೆ ನಂಬರ್ ಸಮೇತ ಬರೆದಿಟ್ಟರೆ, ಹೊಲ ಸಪಾಟು ಮಾಡಲು ಅರ್ಜಿ ಬಂದಾಗ ತಡೆದು ಕೇಳಲು ಒಂದು ಕಾಗದವಾದರೂ ಇರುತ್ತದೆ. ಹೊಲದ ಒಡೆಯನಿಗೆ ಆ ಒಂದೆರಡು ಗುಂಟೆಯ ಬೆಳೆನಷ್ಟ ಕಟ್ಟಿಕೊಡಬೇಕು. ಪಾರಂಪರಿಕ ನೆಲೆ ಉಳಿಸುವ ಭಾರವನ್ನು ಸಣ್ಣ ಹಿಡುವಳಿದಾರನ ಹೆಗಲಿಗೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ದೂರದ ಮೈಸೂರಿಗೆ ಕರೆದೊಯ್ಯುವ ಮೊದಲು ಒಂದು ದಿನ ವಿಭೂತಿಹಳ್ಳಿಗೆ ಕರೆದೊಯ್ಯಲಿ. ಹಗ್ಗ ಹಿಡಿದು ಸಾಲು ಅಳೆಯಲಿ, ದಿಕ್ಸೂಚಿ ಇಟ್ಟು ನೋಡಲಿ.

ಹೋಗುವವರು ಚಳಿಗಾಲದಲ್ಲಿ ಹೋಗಿ. ಬೆಳೆ ಕೊಯ್ಲಾದ ಮೇಲೆ ಸಾಲು ಸ್ಪಷ್ಟವಾಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಒಳ್ಳೆಯದು. ಹೊಲದೊಳಗೆ ಕಾಲಿಡುವ ಮುನ್ನ ಒಡೆಯನನ್ನು ಕೇಳಿ. ರಾಜನಕೋಳೂರಿನ ಮನೆಗಳ ಚಾವಣಿ ಹತ್ತಬೇಡಿ, ಚಪ್ಪಡಿಗಳು ಎಷ್ಟೋ ಕಡೆ ಜಾರಿ ನಿಂತಿವೆ. ಮಡಕೆ ಚೂರು ಸಿಕ್ಕರೆ ಫೋಟೊ ತೆಗೆದು ಅಲ್ಲೇ ಬಿಡಿ, ಬಿದ್ದ ಜಾಗದಿಂದ ಎದ್ದ ಚೂರು ಏನನ್ನೂ ಹೇಳುವುದಿಲ್ಲ. ಮುದನೂರಿನ ಬಾವಿಗೆ ಇಳಿಯುವಾಗ ಚಪ್ಪಲಿ ಮೇಲೆಯೇ ಬಿಡಿ, ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಬರಿಗಾಲೇ ವಾಸಿ.